ಓಡುವ ಕಾರಿಗೆ ನಿಲ್ಲುವ ವಿದ್ಯೆ

ಒಂಬತ್ತನೆಯ ತರಗತಿಯಲ್ಲಿ ‘ಕೆಲಸ ಮತ್ತು ಶಕ್ತಿ’ ಪಾಠಕ್ಕೆ ಬಂದಾಗ ಮಕ್ಕಳು ವಾಹನಗಳ ಮಾತು ತೆಗೆಯದೆ ಬಿಡುವುದಿಲ್ಲ. ‘ಸಾರ್, ಆ ಬೈಕು ಎಷ್ಟು ಸ್ಪೀಡ್ ಹೋಗುತ್ತೆ?’ ‘ಸಾರ್, ಈ ಕಾರಿನ ಪವರ್ ಎಷ್ಟು?’ ಇಪ್ಪತ್ತೇಳು ವರ್ಷಗಳ ನನ್ನ ಸೇವೆಯಲ್ಲಿ ಈ ಪ್ರಶ್ನೆಗಳನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ‘ಸಾರ್, ಅದು ಎಷ್ಟು ದೂರದಲ್ಲಿ ನಿಲ್ಲುತ್ತೆ?’ ಎಂದು ಕೇಳಿದ ಒಬ್ಬ ವಿದ್ಯಾರ್ಥಿಯೂ ನೆನಪಿಗೆ ಬರುತ್ತಿಲ್ಲ.

ಈ ಕೊರತೆಯನ್ನು ನನಗೆ ನೆನಪಿಸಿದ್ದು ಅಮೆರಿಕದ ಒಂದು ಹಳೆಯ ಕಾರು. ಅಲ್ಲಿನ ಮಿಷಿಗನ್ ರಾಜ್ಯದಲ್ಲಿ ಎಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಕೆಲವು ಚಿತ್ರಗಳನ್ನು ಕಳಿಸಿದ. ಅವನ ಪಕ್ಕದ ಮನೆಯ ವೃದ್ಧರು ಕಾರು ಕಾರ್ಖಾನೆಯಿಂದ ನಿವೃತ್ತರಾದವರು. ಯಾರದೋ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ 1964ರ ಪಾಂಟಿಯಾಕ್ ಜಿಟಿಓ ಎಂಬ ಕಾರನ್ನು ತಂದು, ನಾಲ್ಕು ಚಳಿಗಾಲ ತಮ್ಮ ಗ್ಯಾರೇಜಿನಲ್ಲಿ ಕೂತು, ಅದಕ್ಕೆ ಮರುಜೀವ ಕೊಟ್ಟಿದ್ದಾರೆ. ರಜಾದಿನಗಳಲ್ಲಿ ಸ್ಪ್ಯಾನರ್ ಹಿಡಿದು ಸಹಾಯಕ್ಕೆ ನಿಂತವನು ನಮ್ಮ ಹುಡುಗ.

ಚಿತ್ರಗಳನ್ನು ತರಗತಿಯಲ್ಲಿ ತೋರಿಸಿದೆ. ಉದ್ದನೆಯ ಮೂತಿ, ಒಂದರ ಮೇಲೊಂದು ಕೂತ ಜೋಡಿ ದೀಪಗಳು ಇಲ್ಲದಿದ್ದರೂ ಅಕ್ಕಪಕ್ಕ ಸಾಲಾಗಿ ನಾಲ್ಕು ದೀಪ, ಹೊಳೆಯುವ ಕ್ರೋಮಿಯಂ ಅಂಚು. ಹುಡುಗರ ಕಣ್ಣು ಅರಳಿದವು. ನಿರೀಕ್ಷಿಸಿದ ಪ್ರಶ್ನೆಯೇ ಬಂತು: ‘ಎಷ್ಟು ಸ್ಪೀಡ್ ಸಾರ್?’

ಚಿತ್ರಗಳ ಜೊತೆಗೆ ನಮ್ಮ ಹುಡುಗ ಒಂದು ಪಟ್ಟಿಯನ್ನೂ ಕಳಿಸಿದ್ದ. ಕಾರಿನಲ್ಲಿ ಏನೇನು ಬದಲಾಯಿಸಿದರು, ಯಾವ ಕ್ರಮದಲ್ಲಿ ಬದಲಾಯಿಸಿದರು ಎಂಬ ಪಟ್ಟಿ ಅದು. ಮೊದಲ ಸಾಲಿನಲ್ಲಿ ಎಂಜಿನ್ ಇರಲಿಲ್ಲ. ಬಣ್ಣವೂ ಇರಲಿಲ್ಲ. ಬ್ರೇಕ್ ಇತ್ತು.

ಏಕೆ? ಅದನ್ನು ತಿಳಿಯಬೇಕಾದರೆ ಈ ಕಾರು ಹುಟ್ಟಿದ ಕಾಲಕ್ಕೆ ಹೋಗಬೇಕು.

ನಿಯಮದ ಸಂದಿಯಲ್ಲಿ ಹುಟ್ಟಿದ ಕಾರು

ಮಿಷಿಗನ್ನಿನ ಡೆಟ್ರಾಯಿಟ್ ನಗರ ಅಮೆರಿಕದ ಮೋಟಾರು ಉದ್ಯಮದ ತವರು. ಆ ಊರಿನ ನಡುವಿನಿಂದ ವುಡ್‌ವರ್ಡ್ ಅವೆನ್ಯೂ ಎಂಬ ಅಗಲವಾದ ರಸ್ತೆ ವಾಯವ್ಯಕ್ಕೆ ಹೊರಟು ಪಾಂಟಿಯಾಕ್ ಎಂಬ ಪಟ್ಟಣವನ್ನು ಮುಟ್ಟುತ್ತದೆ. 1763ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮೂಲನಿವಾಸಿ ನಾಯಕನೊಬ್ಬನ ಹೆಸರು ಅದು. ಊರಿಗೆ ನಾಯಕನ ಹೆಸರು, ಕಾರಿಗೆ ಊರಿನ ಹೆಸರು. ಜನರಲ್ ಮೋಟಾರ್ಸ್ ಎಂಬ ದೈತ್ಯ ಸಂಸ್ಥೆಯ ಒಂದು ವಿಭಾಗವಾಗಿತ್ತು ಪಾಂಟಿಯಾಕ್.

ಎರಡನೆಯ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳು 1960ರ ದಶಕದಲ್ಲಿ ಹದಿಹರೆಯಕ್ಕೆ ಬಂದರು. ಕೈಯಲ್ಲಿ ಕಾಸಿತ್ತು, ಪೆಟ್ರೋಲು ಅಗ್ಗವಾಗಿತ್ತು, ರಸ್ತೆಗಳು ನೆಟ್ಟಗಿದ್ದವು. ರಾತ್ರಿಯಾದರೆ ಇದೇ ವುಡ್‌ವರ್ಡ್ ರಸ್ತೆಯಲ್ಲಿ ಒಂದು ಸಿಗ್ನಲ್ ದೀಪದಿಂದ ಇನ್ನೊಂದರವರೆಗೆ ಪಂದ್ಯ ಕಟ್ಟಿ ಕಾರು ಓಡಿಸುವುದು ಹುಡುಗರ ಚಟವಾಗಿತ್ತು. ಅವರಿಗೆ ವೇಗದ ಕಾರು ಬೇಕಿತ್ತು, ಬೆಲೆ ಮಾತ್ರ ಕೈಗೆಟುಕಬೇಕು.

ಜನರಲ್ ಮೋಟಾರ್ಸಿನಲ್ಲಿ ಆಗ ಒಂದು ಕಟ್ಟುಪಾಡಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ, ಅಂದರೆ ಸುಮಾರು 5.4 ಲೀಟರಿಗಿಂತ, ದೊಡ್ಡ ಎಂಜಿನ್ ಕೂರಿಸುವಂತಿಲ್ಲ. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳಾದ ಬಿಲ್ ಕಾಲಿನ್ಸ್, ರಸೆಲ್ ಗೀ ಒಂದು ಉಪಾಯ ಹೂಡಿದರು. ನಿಯಮವಿದ್ದದ್ದು ಕಾರಿನ ಮಾದರಿಗಳಿಗೆ. ದೊಡ್ಡ ಎಂಜಿನ್ನನ್ನು ಮಾದರಿಯಾಗಿ ಕೊಡದೆ, ಗಿರಾಕಿ ಇಷ್ಟಪಟ್ಟರೆ ಹಾಕಿಕೊಡುವ ಹೆಚ್ಚುವರಿ ಸೌಕರ್ಯವಾಗಿ ಕೊಟ್ಟರೆ? ಹಾಗೆ ಟೆಂಪೆಸ್ಟ್ ಎಂಬ ಸಾಧು ಕಾರಿನೊಳಗೆ, 300 ಡಾಲರಿನೊಳಗಿನ ಹೆಚ್ಚುವರಿ ಬೆಲೆಗೆ, ದೊಡ್ಡ ಕಾರಿನ 389 ಘನ ಅಂಗುಲದ ಎಂಜಿನ್ ಬಂದು ಕೂತಿತು. ಹೆಸರನ್ನು ಇಟಲಿಯ ಫೆರಾರಿ ಕಾರಿನಿಂದ ಎರವಲು ತಂದರು: ಜಿಟಿಓ.

ಐದು ಸಾವಿರ ಕಾರು ಹೋದರೆ ಸಾಕು ಎಂದು ಸಂಸ್ಥೆ ಅಂದಾಜು ಮಾಡಿತ್ತು. ಮೊದಲ ವರ್ಷವೇ 32,450 ಮಾರಾಟವಾದವು. ಉಳಿದ ಕಂಪನಿಗಳು ಸುಮ್ಮನೆ ಕೂರಲಿಲ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದ ರಸ್ತೆಗಳಲ್ಲಿ ಇಂಥ ಕಾರುಗಳ ಜಾತ್ರೆಯೇ ನೆರೆಯಿತು. ಇವುಗಳಿಗೆ ಬಂದ ಹೆಸರು ‘ಮಸಲ್ ಕಾರ್’. ನಮ್ಮ ಮಾತಿನಲ್ಲಿ ‘ಕಸರತ್ತಿನ ಕಾರು’ ಎನ್ನೋಣವೇ? ತೋಳು, ತೊಡೆಗಳನ್ನು ಬಲಿಸಿಕೊಂಡ ಪೈಲ್ವಾನನಂಥ ಕಾರು.

ಒಂದರಲ್ಲಿ ಎಂಟು ಮಾರುತಿ

389 ಘನ ಅಂಗುಲ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 6,374 ಸಿ.ಸಿ. ಎಂಜಿನ್ನಿನಲ್ಲಿ ನಾಲ್ಕು ನಾಲ್ಕರಂತೆ ಎರಡು ಸಾಲಾಗಿ ಎಂಟು ಸಿಲಿಂಡರುಗಳು. ಈಗ ಭಾಗಿಸಿ ನೋಡಿ. ಒಂದೊಂದು ಸಿಲಿಂಡರಿನ ಪಾಲಿಗೆ ಸುಮಾರು 796 ಸಿ.ಸಿ. ಬರುತ್ತದೆ.

ಈ ಸಂಖ್ಯೆಯನ್ನು ಎಲ್ಲೋ ಕೇಳಿದಂತಿದೆಯಲ್ಲವೇ? ಪೋಷಕರಲ್ಲಿ ಅನೇಕರಿಗೆ ನೆನಪಾಗಿರಬೇಕು. 1983ರಿಂದ 2014ರವರೆಗೆ ತಯಾರಾದ, ನಮ್ಮ ಲಕ್ಷಾಂತರ ಕುಟುಂಬಗಳ ಮೊದಲ ಕಾರಾದ ಮಾರುತಿ 800ರ ಮೂರು ಸಿಲಿಂಡರಿನ ಇಡೀ ಎಂಜಿನ್ ಇದ್ದದ್ದು 796 ಸಿ.ಸಿ. ಅಂದರೆ ಜಿಟಿಓದ ಒಂದೇ ಒಂದು ಸಿಲಿಂಡರು ನಮ್ಮ ಇಡೀ ಮಾರುತಿ ಎಂಜಿನ್ನಿಗೆ ಸಮ. ಎಂಟು ಮಾರುತಿಗಳನ್ನು ಒಟ್ಟಿಗೆ ಹೂಡಿದಂತೆ ಆ ಕಾರು.

ಅದರ ಶಕ್ತಿ 325 ಅಶ್ವಶಕ್ತಿ ಎಂದು ಕಂಪನಿ ಸಾರಿತ್ತು. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರದ ಸಾಮರ್ಥ್ಯವನ್ನು ಜನರಿಗೆ ಮನದಟ್ಟು ಮಾಡಲು ಕುದುರೆಯ ದುಡಿಮೆಯನ್ನು ಅಳತೆಗೋಲಾಗಿ ಬಳಸಿದ್ದು ನಿಮಗೆ ಗೊತ್ತು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಹಾಗಾದರೆ 325 ಎಂದರೆ ಸುಮಾರು 242 ಕಿಲೋವ್ಯಾಟ್. ಒಂದು ಎಚ್ಚರಿಕೆ: ಆ ಕಾಲದಲ್ಲಿ ಎಂಜಿನ್ನನ್ನು ಕಾರಿನಿಂದ ಹೊರಗೆ, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಓಡಿಸಿ ಅಳೆಯುತ್ತಿದ್ದರು. ಕಾರಿನೊಳಗೆ ಕೂತಾಗಿನ ನಿಜವಾದ ಶಕ್ತಿ ಅದಕ್ಕಿಂತ ಕಡಿಮೆ. 1972ರಿಂದ ಅಮೆರಿಕದ ಕಂಪನಿಗಳು ಈ ನಿವ್ವಳ ಶಕ್ತಿಯನ್ನೇ ಹೇಳತೊಡಗಿದವು. ಜಾಹೀರಾತಿನ ಅಂಕಿಯ ಹಿಂದೆ ಅಳೆದ ವಿಧಾನ ಯಾವುದು ಎಂದು ಕೇಳುವುದು ವಿಜ್ಞಾನದ ವಿದ್ಯಾರ್ಥಿಗೆ ಒಳ್ಳೆಯ ಅಭ್ಯಾಸ.

ಏನೇ ಇರಲಿ, ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರು ಮುಟ್ಟಲು ಈ ಕಾರಿಗೆ ಏಳು ಸೆಕೆಂಡಿನ ಆಸುಪಾಸು ಸಾಕಾಗುತ್ತಿತ್ತು. ಹುಡುಗರ ಪ್ರಶ್ನೆಗೆ ಉತ್ತರ ಸಿಕ್ಕಿತು. ಈಗ ಅವರು ಕೇಳದ ಪ್ರಶ್ನೆಗೆ ಬರೋಣ.

ಬ್ರೇಕೆಂಬ ಒಲೆ

ಚಲಿಸುವ ವಸ್ತುವಿನ ಚಲನಶಕ್ತಿ ಅದರ ದ್ರವ್ಯರಾಶಿಯ ಅರ್ಧಕ್ಕೆ ವೇಗದ ವರ್ಗವನ್ನು ಗುಣಿಸಿದಷ್ಟು. ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿ ಬರೆಯುತ್ತೀರಿ. ‘ವರ್ಗ’ ಎಂಬ ಆ ಒಂದು ಪದದಲ್ಲಿ ಎಷ್ಟು ಅಪಾಯ ಅಡಗಿದೆ ಎಂದು ಮಾತ್ರ ಯೋಚಿಸುವುದಿಲ್ಲ.

ಜಿಟಿಓದ ತೂಕ ಚಾಲಕನೂ ಸೇರಿ 1,600 ಕಿಲೋ ಎಂದು ಇಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 222 ಕಿಲೋಜೂಲ್. ವೇಗ 120 ಕಿ.ಮೀ. ಆದರೆ 889 ಕಿಲೋಜೂಲ್. ವೇಗ ಎರಡರಷ್ಟು, ಶಕ್ತಿ ನಾಲ್ಕರಷ್ಟು. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಬೇಕು, ಮಾಯವಾಗುವಂತಿಲ್ಲ. ಅದು ಘರ್ಷಣೆಯ ಮೂಲಕ ಶಾಖವಾಗಿ ಬ್ರೇಕುಗಳನ್ನು ಸೇರುತ್ತದೆ. 889 ಕಿಲೋಜೂಲ್ ಶಾಖ ಎಂದರೆ 25 ಡಿಗ್ರಿಯಲ್ಲಿರುವ ಮೂರು ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಅಡುಗೆಮನೆಯ ಒಲೆಗೆ ಈ ಕೆಲಸಕ್ಕೆ ಹಲವು ನಿಮಿಷ ಬೇಕು. ಬ್ರೇಕಿಗೆ ಸಿಗುವುದು ಐದು ಸೆಕೆಂಡು.

ಐದು ಸೆಕೆಂಡಿನಲ್ಲಿ 889 ಕಿಲೋಜೂಲ್ ಎಂದರೆ ಸರಾಸರಿ 178 ಕಿಲೋವ್ಯಾಟ್, ಸುಮಾರು 240 ಅಶ್ವಶಕ್ತಿ. ಪೆಡಲು ಒತ್ತಿದ ಮೊದಲ ಕ್ಷಣದಲ್ಲಂತೂ ಇದರ ಎರಡರಷ್ಟು. ಗಮನಿಸಿ, ಕಾರಿನ ಅತಿ ಬಲಶಾಲಿ ಯಂತ್ರ ಎಂಜಿನ್ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ತುರ್ತು ಹೊತ್ತಿನಲ್ಲಿ ಎಂಜಿನ್ನಿಗಿಂತ ಹೆಚ್ಚು ಶಕ್ತಿಯನ್ನು ಅರಗಿಸಬೇಕಾದದ್ದು ಬ್ರೇಕು.

1964ರ ಜಿಟಿಓದಲ್ಲಿ ಇದಕ್ಕೆ ಇದ್ದ ಏರ್ಪಾಡು ಏನು? ನಾಲ್ಕೂ ಗಾಲಿಗಳಲ್ಲಿ ಒಂಬತ್ತೂವರೆ ಅಂಗುಲ ವ್ಯಾಸದ ಡ್ರಮ್ ಬ್ರೇಕುಗಳು. ಸಾಧು ಟೆಂಪೆಸ್ಟಿಗೆ ಇದ್ದವೇ. ಎಂಜಿನ್ ಪೈಲ್ವಾನನದು, ಬ್ರೇಕು ಗುಮಾಸ್ತನದು!

ಡ್ರಮ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಕಬ್ಬಿಣದ ಡಬ್ಬಿಯೊಂದಿರುತ್ತದೆ. ಅದರೊಳಗಿನ ಎರಡು ಪಟ್ಟಿಗಳು ಹೊರಕ್ಕೆ ಅರಳಿ ಡಬ್ಬಿಯ ಒಳಗೋಡೆಯನ್ನು ಒತ್ತುತ್ತವೆ. ಶಾಖ ಡಬ್ಬಿಯೊಳಗೇ ಸಿಕ್ಕಿಬೀಳುತ್ತದೆ. ಕಾದ ಲೋಹ ಹಿಗ್ಗುತ್ತದೆ ಎಂಬುದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ಡಬ್ಬಿ ಹಿಗ್ಗಿದರೆ ಅದರ ಗೋಡೆ ಪಟ್ಟಿಗಳಿಂದ ದೂರ ಸರಿಯುತ್ತದೆ. ಪಟ್ಟಿಯ ಮೈ ಅತಿಯಾಗಿ ಕಾದು ಘರ್ಷಣೆಯೂ ಕುಗ್ಗುತ್ತದೆ. ಚಾಲಕ ಪೆಡಲನ್ನು ಎಷ್ಟು ತುಳಿದರೂ ಕಾರು ಮೊದಲಿನಂತೆ ಹಿಡಿತಕ್ಕೆ ಬರುವುದಿಲ್ಲ. ಬ್ರೇಕು ಸೋಲುವುದು ಅತಿ ಅಗತ್ಯವಾದ ಹೊತ್ತಿನಲ್ಲೇ.

ಇನ್ನೂ ಒಂದು ಕೊರತೆ. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಗಾಲಿಗಳಿಗೆ ಸಾಗಿಸುವ ವ್ಯವಸ್ಥೆ ಪ್ಯಾಸ್ಕಲನ ನಿಯಮದ ಮೇಲೆ ನಿಂತಿದೆ. ಆ ಕಾರಿನಲ್ಲಿ ನಾಲ್ಕೂ ಗಾಲಿಗಳಿಗೆ ಸೇರಿ ಇದ್ದದ್ದು ಒಂದೇ ದ್ರವಮಾರ್ಗ. ಎಲ್ಲೋ ಒಂದು ಕೊಳವೆ ತುಕ್ಕು ಹಿಡಿದು ಸೋರಿದರೆ ನಾಲ್ಕು ಬ್ರೇಕುಗಳೂ ಒಮ್ಮೆಲೇ ಕೈಕೊಡುತ್ತಿದ್ದವು.

ತುಕ್ಕಿನೊಡನೆ ಹೋರಾಟ

ಆ ವೃದ್ಧರ ಗ್ಯಾರೇಜಿಗೆ ಮರಳೋಣ. ಕಾರನ್ನು ಬಿಚ್ಚಿದಾಗ ಕಂಡದ್ದು ತೂತು ಬಿದ್ದ ನೆಲ. ಮಿಷಿಗನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮಗಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಉಪ್ಪಿಗೆ ಅಲ್ಲಿ ಬರವೂ ಇಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲಿ, 300 ಮೀಟರಿಗೂ ಹೆಚ್ಚು ಆಳದಲ್ಲಿ, ದೊಡ್ಡದೊಂದು ಉಪ್ಪಿನ ಗಣಿಯೇ ಇದೆ. ಆದರೆ ಉಪ್ಪುನೀರು ಒಳ್ಳೆಯ ವಿದ್ಯುದ್ವಿಭಾಜ್ಯ. ಉಕ್ಕಿನ ಮೇಲೆ ಪುಟ್ಟ ಪುಟ್ಟ ವಿದ್ಯುತ್ಕೋಶಗಳು ಏರ್ಪಟ್ಟು ತುಕ್ಕು ಬೇಗ ಬೇಗ ಹಬ್ಬುತ್ತದೆ. ಕಾರು ಹುಟ್ಟಿಸುವ ಊರೇ ಕಾರನ್ನು ತಿನ್ನುವ ಉಪ್ಪನ್ನೂ ಅಗೆದು ಕೊಡುತ್ತದೆ.

ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು, ಉಳಿದ ಮೈಯನ್ನು ಉಜ್ಜಿ ಲೋಹ ಕಾಣುವಂತೆ ಮಾಡಿ ರಕ್ಷಕ ಲೇಪ ಕೊಡುವುದು, ಇದಕ್ಕೇ ಎರಡು ಚಳಿಗಾಲ ಹಿಡಿಯಿತಂತೆ. ಹೊರಗೆ ಕಾಣುವ ಬಣ್ಣಕ್ಕೆ ಕೊನೆಯಲ್ಲಿ ಕೆಲವೇ ದಿನ.

ಎಂಜಿನ್ನಿನ ಕಥೆ ಬೇರೆ. ಇಂಥ ಕಾರುಗಳಿಗೆ ಈಗಿನ ಹೊಸ ಎಂಜಿನ್ ಕೂರಿಸುವವರು ಬಹಳ. ಈ ವೃದ್ಧರು ಹಳೆಯದನ್ನೇ ಉಳಿಸಿಕೊಂಡರು. ಆದರೆ ಒಂದು ಬದಲಾವಣೆ ಅನಿವಾರ್ಯವಾಯಿತು. 1964ರ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತ ಬೆರೆತಿರುತ್ತಿತ್ತು. ಎಂಜಿನ್ ಬಡಿದುಕೊಳ್ಳದಂತೆ ತಡೆಯಲು ಅದು ನೆರವಾಗುತ್ತದೆ ಎಂದು 1921ರಲ್ಲಿ ಕಂಡುಹಿಡಿದವರು ಜನರಲ್ ಮೋಟಾರ್ಸಿನವರೇ ಆದ ಥಾಮಸ್ ಮಿಜ್ಲಿ. ಕವಾಟಗಳು ಬಂದು ಕೂರುವ ಪೀಠದ ಮೇಲೆ ಸೀಸ ತೆಳ್ಳನೆಯ ರಕ್ಷಾಪದರವನ್ನೂ ಕಟ್ಟುತ್ತಿತ್ತು. ಆದರೆ ಹೊಗೆಯೊಡನೆ ಹೊರಬಿದ್ದ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲು 1996ರಲ್ಲಿ ಪೂರ್ತಿ ನಿಂತಿತು. ನಮ್ಮ ದೇಶದಲ್ಲಿ 2000ದಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯ 2021ರಲ್ಲಿ ಅದನ್ನು ಕೈಬಿಟ್ಟಿತು. ಸೀಸದ ಲೇಪವಿಲ್ಲದೆ ಹಳೆಯ ಮೆದು ಪೀಠಗಳು ಸವೆಯುವುದರಿಂದ ಗಟ್ಟಿ ಉಕ್ಕಿನ ಹೊಸ ಪೀಠಗಳನ್ನು ಕೂರಿಸಬೇಕಾಯಿತು.

ಕಾರ್ಬುರೇಟರಿನ ಜಾಗಕ್ಕೆ ಇಲೆಕ್ಟ್ರಾನಿಕ್ ಇಂಧನ ಸಿಂಪಡಣೆ ಬಂತು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಕಾರ್ಬುರೇಟರ್ ಇದನ್ನು ಅಂದಾಜಿನಲ್ಲಿ ಮಾಡುತ್ತಿತ್ತು. ಈಗ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸಂವೇದಕವೊಂದು ಸದಾ ಅಳೆದು, ಪುಟ್ಟ ಗಣಕಕ್ಕೆ ತಿಳಿಸಿ, ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿಸುತ್ತದೆ. 2020ರ ನಂತರ ಕೊಂಡ ನಿಮ್ಮ ಮನೆಯ ಸ್ಕೂಟರಿನಲ್ಲೂ ಬಹುತೇಕ ಇದೇ ವ್ಯವಸ್ಥೆ ಇದ್ದೀತು.

ಪಟ್ಟಿಯ ಮೊದಲ ಸಾಲು

ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲಿದ್ದ ಬ್ರೇಕಿಗೆ ಏನು ಮಾಡಿದರು? ಮುಂದಿನ ಡ್ರಮ್‌ಗಳನ್ನು ತೆಗೆದು ಡಿಸ್ಕ್ ಹಾಕಿದರು. ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಯನ್ನು ಎರಡು ಕಡೆಯಿಂದ ಚಿಮಟದಂತೆ ಅಮುಕುವುದು ಡಿಸ್ಕ್ ಬ್ರೇಕಿನ ರೀತಿ. ತಟ್ಟೆ ಬಯಲಿನಲ್ಲಿರುವುದರಿಂದ ಗಾಳಿ ತಾಗಿ ಬೇಗ ಆರುತ್ತದೆ. ಕಾದು ಹಿಗ್ಗಿದರೂ ಅದು ಹಿಗ್ಗುವುದು ಅಮುಕುವ ಪಟ್ಟಿಗಳ ಕಡೆಗೇ ಹೊರತು ಅವುಗಳಿಂದ ದೂರಕ್ಕಲ್ಲ. ಅದೇ ಶಾಖ, ಅದೇ ಹಿಗ್ಗುವಿಕೆ. ಅಲ್ಲಿ ಶತ್ರುವಾದದ್ದು ಇಲ್ಲಿ ಕೆಡುಕು ಮಾಡುವುದಿಲ್ಲ. 1953ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಾಗಲೇ ಇದರ ಮೇಲ್ಮೆ ಜಗತ್ತಿಗೆ ತಿಳಿದಿತ್ತು. ಆದರೂ ಜಿಟಿಓ ಕೊಳ್ಳುವವರಿಗೆ ಮುಂಗಾಲಿಯ ಡಿಸ್ಕ್ ಬ್ರೇಕು ದೊರೆತದ್ದು 1967ರ ಮಾದರಿಯಲ್ಲಿ, ಅದೂ ಹೆಚ್ಚುವರಿ ಬೆಲೆಗೆ.

ಒಂದೇ ದ್ರವಮಾರ್ಗವಿದ್ದಲ್ಲಿ ಈಗ ಎರಡು ಪ್ರತ್ಯೇಕ ಮಾರ್ಗಗಳು. ಒಂದು ಸೋರಿದರೂ ಇನ್ನೊಂದು ಎರಡು ಗಾಲಿಗಳನ್ನಾದರೂ ಹಿಡಿಯುತ್ತದೆ. ಹಳೆಯ ಮಾದರಿಯ ಟೈರುಗಳ ಬದಲು ರಸ್ತೆಯನ್ನು ಚೆನ್ನಾಗಿ ಕಚ್ಚುವ ರೇಡಿಯಲ್ ಟೈರುಗಳು. ಸೊಂಟಕ್ಕೆ ಮಾತ್ರ ಇದ್ದ ಪಟ್ಟಿಯ ಜಾಗದಲ್ಲಿ ಭುಜವನ್ನೂ ಹಿಡಿಯುವ ಮೂರು ಬಿಂದುಗಳ ಪಟ್ಟಿ. ಇದನ್ನು 1959ರಲ್ಲಿ ಬಳಕೆಗೆ ತಂದವರು ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್.

ಇಂಥ ಬದಲಾವಣೆಗಳನ್ನು ಒಪ್ಪದ ಅಭಿಮಾನಿಗಳೂ ಇದ್ದಾರೆ. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ, ಒಂದು ತಿರುಪು ಬದಲಾಗದೆ ಇರಬೇಕು ಎಂಬುದು ಅವರ ಪಟ್ಟು. ಹಿಡಿಯನ್ನು ಮೂರು ಸಲ, ಅಲಗನ್ನು ಎರಡು ಸಲ ಬದಲಾಯಿಸಿದ ಮೇಲೂ ಅದು ಅಜ್ಜನ ಕೊಡಲಿಯೇ? ಅವರ ಪ್ರಶ್ನೆ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸುವ ಕಾರಿಗೆ ಅವರ ಮಾತು ಸರಿ. ಇತಿಹಾಸವನ್ನು ತಿದ್ದಬಾರದು. ಆದರೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ರಸ್ತೆಗಿಳಿಯುವ ಕಾರಿಗೆ ಬೇರೆ ನ್ಯಾಯ ಬೇಕಲ್ಲವೇ? ಮಿಷಿಗನ್ನಿನ ವೃದ್ಧರ ನಿಲುವು ಇದೇ ಎಂದು ನಮ್ಮ ಹುಡುಗ ಬರೆದಿದ್ದಾನೆ. ತಾವು ಹರೆಯದಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಓಡಿದವರು, ಜೊತೆಗೆ ಓಡಿದವರೆಲ್ಲ ಮನೆಗೆ ಮರಳಲಿಲ್ಲ ಎಂದಷ್ಟೇ ಅವರು ಹೇಳಿದರಂತೆ.

ಅದು ಅವರೊಬ್ಬರ ಅನುಭವವಲ್ಲ. 1966ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 50 ಸಾವಿರ ದಾಟಿತ್ತು. ಅದಕ್ಕೆ ಹಿಂದಿನ ವರ್ಷ ರಾಲ್ಫ್ ನೇಡರ್ ಎಂಬ ವಕೀಲರು ಕಾರು ಕಂಪನಿಗಳು ಸುರಕ್ಷತೆಯನ್ನು ಕಡೆಗಣಿಸಿವೆ ಎಂದು ಪುಸ್ತಕವನ್ನೇ ಬರೆದಿದ್ದರು. 1966ರಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಎರಡು ದ್ರವಮಾರ್ಗದ ಬ್ರೇಕು, ಸೀಟು ಪಟ್ಟಿ, ಡಿಕ್ಕಿಯಾದಾಗ ಚಾಲಕನ ಎದೆಗೆ ಚುಚ್ಚದೆ ಮಡಚಿಕೊಳ್ಳುವ ಸ್ಟೀರಿಂಗ್ ದಂಡ ಇವೆಲ್ಲ 1968ರ ವೇಳೆಗೆ ಕಡ್ಡಾಯವಾದವು. ಇಂದು ನಾವು ಸಹಜವೆಂದುಕೊಂಡ ಒಂದೊಂದು ಸೌಲಭ್ಯದ ಹಿಂದೆಯೂ ಯಾರೋ ತೆತ್ತ ಬೆಲೆ ಇದೆ.

ಕಸರತ್ತಿನ ಕಾರುಗಳ ಭರಾಟೆ ಹೆಚ್ಚು ಕಾಲ ಬಾಳಲಿಲ್ಲ. 1970ರಲ್ಲಿ ಬಂದ ವಾಯುಶುದ್ಧಿ ಕಾನೂನು, ಏರಿದ ವಿಮೆಯ ಕಂತು, 1973ರ ತೈಲ ಬಿಕ್ಕಟ್ಟು ಸೇರಿ ಅವುಗಳ ಉಸಿರು ಕಟ್ಟಿಸಿದವು. ಜಿಟಿಓ 1974ಕ್ಕೆ ನಿಂತಿತು. 2004ರಿಂದ 2006ರವರೆಗೆ ಅದೇ ಹೆಸರಿನ ಬೇರೆ ಕಾರೊಂದು ಬಂದುಹೋಯಿತು. ಪಾಂಟಿಯಾಕ್ ವಿಭಾಗವೇ 2010ರಲ್ಲಿ ಮುಚ್ಚಿತು. ಆದರೆ ಹಳೆಯ ಕಾರುಗಳ ಮೇಲಿನ ಮಮತೆ ಸತ್ತಿಲ್ಲ. 1995ರಲ್ಲಿ ಆರಂಭವಾದ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ರಸ್ತೆಯಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುತ್ತ ಬಂದಿದೆ. ಒಂದು ಕಾಲದಲ್ಲಿ ಹುಡುಗರು ಪಂದ್ಯ ಕಟ್ಟಿದ್ದ ರಸ್ತೆಯಲ್ಲಿ ಈಗ ಅದೇ ಕಾರುಗಳು ಎತ್ತಿನಗಾಡಿಯ ವೇಗದಲ್ಲಿ ಸಾಗುತ್ತವೆ!

ನಾನು ಕೇಳದೆ ಬಿಟ್ಟ ಪ್ರಶ್ನೆ

ಅಮೆರಿಕದ ಕಾರಿನಿಂದ ನಮಗೇನು ಎಂದು ಪೋಷಕರು ಕೇಳಬಹುದು. ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಪಿಯುಸಿ ಮುಗಿಸಿದ ನಮ್ಮ ಶಾಲೆಯ ಹಳೆಯ ಹುಡುಗನೊಬ್ಬ ಹಳೆಯ ಬೈಕೊಂದನ್ನು ಕೊಂಡು, ರಿಪೇರಿ ಮಾಡಿಸಿ, ನನಗೆ ತೋರಿಸಲು ಶಾಲೆಗೆ ತಂದಿದ್ದ. ಟ್ಯಾಂಕಿಗೆ ಹೊಸ ಬಣ್ಣ, ಗುಡುಗುವ ಹೊಸ ಸೈಲೆನ್ಸರ್. ಅವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. ನಾನೂ ಸಂತೋಷಪಟ್ಟೆ. ‘ಎಷ್ಟು ಸಿ.ಸಿ.? ಎಷ್ಟು ಓಡುತ್ತೆ?’ ಎಂದು ಕೇಳಿದೆ. ಮೂರು ವಾರ ಕಳೆದಿರಬೇಕು. ಇಳಿಜಾರಿನ ತಿರುವಿನಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಹೋಗಿ ಗುದ್ದಿದ. ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು. ಎಡಗಾಲು ಮೊದಲಿನಂತಾಗಲಿಲ್ಲ. ಬ್ರೇಕಿನ ಪಟ್ಟಿಗಳು ಲೋಹ ಕಾಣುವಷ್ಟು ಸವೆದಿದ್ದವು ಎಂದು ಗಾಡಿ ಬಿಚ್ಚಿದ ಮೆಕ್ಯಾನಿಕ್ ಹೇಳಿದ. ಬಣ್ಣಕ್ಕೆ, ಸದ್ದಿಗೆ ಹಣ ಸಾಕಾಗಿತ್ತು. ಬ್ರೇಕಿಗೆ ಮುಂದಿನ ತಿಂಗಳು ಎಂದುಕೊಂಡಿದ್ದನಂತೆ.

ಮಕ್ಕಳು ಕೇಳುವುದಿಲ್ಲ ಎಂದು ಲೇಖನದ ಮೊದಲಿಗೆ ಬರೆದೆ. ಅಂದು ವಿಜ್ಞಾನದ ಮೇಷ್ಟ್ರಾದ ನಾನೇ ಕೇಳಲಿಲ್ಲ.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,000ಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ 44ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಬೈಕುಗಳಿಗೆ, ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕಡ್ಡಾಯವಾಗಿದೆ. ಆದರೆ ಅದಕ್ಕಿಂತ ಹಳೆಯ ಗಾಡಿಗಳು ಇನ್ನೂ ಎಷ್ಟೋ ಮನೆಗಳ ಮುಂದೆ ನಿಂತಿವೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಮಗ ಅಥವಾ ಮಗಳ ಕೈಗೆ ಹಳೆಯ ಗಾಡಿ ಕೊಡುವ ಮೊದಲು ಬ್ರೇಕು, ಟೈರು ಬಿಚ್ಚಿಸಿ ನೋಡಿ. ಲೈಸೆನ್ಸ್ ಇಲ್ಲದ ವಯಸ್ಸಿನವರಿಗಂತೂ ಕೊಡಲೇಬೇಡಿ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೇ ಜೈಲು, ದಂಡ ಎರಡೂ ಇವೆ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ಶಾಲೆಯ ಸಮತಟ್ಟಾದ ಒಣ ಮೈದಾನದಲ್ಲಿ, ಶಿಕ್ಷಕರ ಎದುರಿನಲ್ಲಿ ಮಾಡಿ. ಹತ್ತು ಮೀಟರು ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆಯಿರಿ. ಸೈಕಲ್ಲಿನಲ್ಲಿ ಆ ದೂರವನ್ನು ಮೊದಲ ಸಲ ಐದು ಸೆಕೆಂಡಿನಲ್ಲಿ ದಾಟಿ, ಎರಡನೆಯ ಗೆರೆಯ ಮೇಲೆ ಬ್ರೇಕು ಹಿಡಿದು, ನಿಂತ ಜಾಗ ಗುರುತಿಸಿ. ಎರಡನೆಯ ಸಲ ಎರಡೂವರೆ ಸೆಕೆಂಡಿನಲ್ಲಿ ದಾಟಿ, ಅದೇ ರೀತಿ ಬ್ರೇಕು ಹಿಡಿಯಿರಿ. ವೇಗ ಎರಡರಷ್ಟಾಯಿತು. ನಿಲ್ಲಲು ಹಿಡಿದ ದೂರ ಎರಡರಷ್ಟೇ ಅಥವಾ ನಾಲ್ಕರಷ್ಟೇ? ಅಳೆದು ನೋಡಿ. ಪುಸ್ತಕದಲ್ಲಿನ ‘ವರ್ಗ’ ಎಂಬ ಪದ ನಿಮ್ಮ ಮೈದಾನದ ಮಣ್ಣಿನ ಮೇಲೆ ಕಾಣುತ್ತದೆ.

ನಮ್ಮ ಊರುಗಳಲ್ಲಿ ತೇರು ಎಳೆಯುವುದನ್ನು ನೋಡಿದ್ದೀರಿ. ಹಗ್ಗ ಹಿಡಿಯಲು ನೂರಾರು ಜನ ಮುಗಿಬೀಳುತ್ತಾರೆ. ಗಾಲಿಯ ಪಕ್ಕದಲ್ಲೇ ಮರದ ಅಡೆ ಹಿಡಿದು ನಡೆಯುವ ಕೆಲವರನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಸರಿಯಾದ ಕ್ಷಣದಲ್ಲಿ ಗಾಲಿಗೆ ಅಡೆ ಕೊಟ್ಟು ತೇರನ್ನು ತಿರುಗಿಸುವವರು, ನಿಲ್ಲಿಸುವವರು ಅವರು. ಆ ಕೆಲಸಕ್ಕೆ ಊರಿನ ನುರಿತ ಕೈಗಳೇ ಬೇಕು.

ಮುಂದಿನ ವಾರ ‘ಕೆಲಸ ಮತ್ತು ಶಕ್ತಿ’ ಪಾಠ ಮುಂದುವರಿಯಲಿದೆ. ಈ ಸಲ ಪ್ರಶ್ನೆ ಕೇಳುವವನು ನಾನು.